ಸುರಂಗ ಓರೆ ಇದ್ರೆ ಸ್ಲೈಸೂ ಓರೆಯಾಗೇ ತೆಗೀಬೇಕು

ಬಾಳೆದಿಂಡು ಹೆಚ್ಚುವಾಗ ನೋಡಿರ್ತೀರ, ನೇರ ಹೆಚ್ಚಿದ್ರೆ ದುಂಡು ಬಿಲ್ಲೆ, ಚಾಕು ಓರೆ ಹಿಡಿದ್ರೆ ಉದ್ದುದ್ದ ಬಿಲ್ಲೆ. ತ್ರೀಡಿ ಡೇಟಾದಲ್ಲೂ ಅದೇ ಕಥೆ. ನಮ್ಮ ಚಿಕ್ಕಮಗಳೂರು ಕಡೆ ಅರೇಬಿಕಾ ತೋಟಕ್ಕೆ ಕಾಂಡಕೊರಕ ದೊಡ್ಡ ತಲೆನೋವು, ಹುಳ ಒಳಗೆ ಸುರಂಗ ಕೊರೀತಾ ಹೋಗುತ್ತೆ, ಸ್ಕೇಲ್ ಇಟ್ಟು ನೇರ ಕೊರಿಯಲ್ವಲ್ಲ. ಅಂಥ ಕಾಂಡದ ಸಿಟಿ ಸ್ಕ್ಯಾನ್ ಕೈಯಲ್ಲಿದೆ, ಸುರಂಗ ಎಷ್ಟು ಅಗಲ ಅಂತ ನೋಡ್ಬೇಕು ಅಂದ್ಕೊಳ್ಳಿ. ಆಗ ಸ್ಲೈಸ್, ಅಂದ್ರೆ ಡೇಟಾದ ಒಂದು ತೆಳು ಬಿಲ್ಲೆ, ಸುರಂಗ ಹೋಗೋ ದಿಕ್ಕಿಗೆ ಸರಿಯಾಗಿ ಅಡ್ಡ ತೆಗೀಬೇಕು.

ಮೊದ್ಲು ಸ್ಪೇಸಿಂಗ್, ಅಂದ್ರೆ ಚುಕ್ಕಿ ಚುಕ್ಕಿ ನಡುವಿನ ದೂರ ನೋಡಿ. ಪಿಕ್ಸೆಲ್ 0.5 ಮಿ.ಮೀ., ಆದ್ರೆ ಒಂದು ಪದರದಿಂದ ಇನ್ನೊಂದಕ್ಕೆ 2 ಮಿ.ಮೀ. ಇರಬಹುದು. ನಾನು ಶುರುವಲ್ಲಿ ಇದನ್ನ ನೋಡ್ದೆ ಎಲ್ಲಾ ಒಂದೇ ಅಂತ ಹಾಕಿ, ಕಾಂಡದ ಉದ್ದ ಕಾಲುಭಾಗಕ್ಕೆ ಕುಗ್ಗಿ ಕೂತಿತ್ತು, ಅಳತೆ ಮಾಡಿದ ಕೋನ ಎಲ್ಲಾ ದಂಡ.

ಆಮೇಲೆ ಸುರಂಗದ ನಡುವೆ ಎರಡು ಪಾಯಿಂಟ್ ಹಿಡೀರಿ, ಮಿ.ಮೀ. ಲೆಕ್ಕದಲ್ಲಿ. ಒಂದರಲ್ಲಿ ಇನ್ನೊಂದು ಕಳೆದ್ರೆ ಸುರಂಗದ ದಿಕ್ಕು ಸಿಗುತ್ತೆ, ಅದೇ ನಮ್ಮ ಪ್ಲೇನ್‌ನ (ಹೆಚ್ಚೋ ಸಮತಲದ) ನಾರ್ಮಲ್, ಅಂದ್ರೆ ಅದಕ್ಕೆ ನೆಟ್ಟಗೆ ನಿಲ್ಲೋ ದಿಕ್ಕು. ಸುಮ್ನೆ ಕಣ್ಣಲ್ಲಿ ನೋಡೋದಾದ್ರೆ ಪ್ಯಾರಾವ್ಯೂ ಅನ್ನೋ ತ್ರೀಡಿ ನೋಡೋ ಸಾಫ್ಟ್‌ವೇರ್‌ನಲ್ಲಿ ಸ್ಲೈಸ್ ಫಿಲ್ಟರ್ ಹಾಕಿ, ಒರಿಜಿನ್ (ಪ್ಲೇನ್ ಹಾದುಹೋಗೋ ಪಾಯಿಂಟ್) ಮತ್ತೆ ನಾರ್ಮಲ್ ಕೊಟ್ಟು ಅಪ್ಲೈ ಒತ್ತಿ, ಮುಗೀತು.

ಅಳತೆ ಬೇಕಾದ್ರೆ ಪೈಥಾನೇ ಸರಿ. ನಾರ್ಮಲ್‌ಗೆ ಸಮಾಂತರ ಇಲ್ಲದ ಯಾವ್ದಾದ್ರೂ ವೆಕ್ಟರ್ ತಗೊಂಡು ನಾರ್ಮಲ್ ಜೊತೆ ಕ್ರಾಸ್ ಪ್ರಾಡಕ್ಟ್ (ಎರಡಕ್ಕೂ ಲಂಬವಾದ ದಿಕ್ಕು ಕೊಡೋ ಗುಣಾಕಾರ) ಮಾಡಿ, ಬಂದಿದ್ದನ್ನ ನಾರ್ಮಲ್ ಜೊತೆ ಇನ್ನೊಂದ್ಸಲ ಮಾಡಿ, ಎರಡನ್ನೂ ಯೂನಿಟ್ ಉದ್ದಕ್ಕೆ, ಅಂದ್ರೆ ಉದ್ದ 1 ಆಗೋ ಹಾಗೆ ತನ್ನಿ. ಪ್ಲೇನ್ ಮೇಲೆ ಓಡಾಡೋಕೆ ಇವೇ ಎರಡು ದಾರಿ. ಸುರಂಗದ ನಡುವಿನ ಪಾಯಿಂಟ್‌ನಿಂದ ಶುರುಮಾಡಿ ಇವುಗಳ ಮೇಲೆ 0.5 ಮಿ.ಮೀ.ಗೊಂದು ಚುಕ್ಕಿ ಇಟ್ಟು, ಸ್ಪೇಸಿಂಗ್‌ನಿಂದ ಭಾಗಿಸಿ ಇಂಡೆಕ್ಸ್ (ಅರೇಯಲ್ಲಿ ಎಷ್ಟನೇ ಜಾಗ ಅನ್ನೋ ನಂಬರ್) ಮಾಡ್ಕೊಂಡು, ಪೈಥಾನ್‌ನ ಸೈಪೈ ಲೈಬ್ರರಿಯ ಮ್ಯಾಪ್ ಕೋಆರ್ಡಿನೇಟ್ಸ್ (map_coordinates) ಫಂಕ್ಷನ್‌ಗೆ ಕೊಡಿ, ಆ ಚುಕ್ಕಿಗಳಲ್ಲಿ ಡೇಟಾ ಎಷ್ಟಿದೆ ಅಂತ ಅದು ಹೇಳುತ್ತೆ. ಅರೇ ಜೆಡ್, ವೈ, ಎಕ್ಸ್ ಕ್ರಮದಲ್ಲಿದ್ರೆ ಚುಕ್ಕಿಗಳನ್ನೂ ಅದೇ ಕ್ರಮದಲ್ಲೇ ಕೊಡ್ಬೇಕು. ನಡುವಿನ ಬೆಲೆ ಹೇಗೆ ಅಂದಾಜು ಮಾಡ್ಬೇಕು ಅನ್ನೋ ಆರ್ಡರ್ 1 ಸಾಕು, ಡೀಫಾಲ್ಟ್ 3 ಹಾಗೇ ಬಿಟ್ರೆ ಅಂಚಲ್ಲಿ ಇಲ್ಲದ ನಂಬರ್ ಎಲ್ಲಾ ಹುಟ್ಟುತ್ತೆ. ಲೇಬಲ್ ಡೇಟಾ (ಯಾವ ಭಾಗ ಯಾವ್ದು ಅಂತ ನಂಬರ್ ಹಾಕಿದ್ದು) ಆದ್ರೆ ಆರ್ಡರ್ 0.

ಒಂದು ಗುಂಡಿ ಇದೆ ಇಲ್ಲಿ. ಸ್ಕ್ಯಾನ್ ಆಚೆ ಹೋದ ಚುಕ್ಕಿಗೆ ಆ ಫಂಕ್ಷನ್ ಸುಮ್ನೆ 0 ತುಂಬುತ್ತೆ, ಸಿಟಿ ಲೆಕ್ಕದಲ್ಲಿ 0 ಅಂದ್ರೆ ನೀರು ಮಾರಾಯ್ರೆ, ಗಾಳಿ -1000! ಆವರೇಜ್ ಕೆಟ್ಟುಹೋಗುತ್ತೆ. ಡೇಟಾನ ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ, ಆಚೆ ಏನು ತುಂಬ್ಬೇಕು ಅನ್ನೋ ಸಿವ್ಯಾಲ್‌ಗೆ (cval) ನ್ಯಾನ್ (NaN, ಇಲ್ಲಿ ಸಂಖ್ಯೆನೇ ಇಲ್ಲ ಅನ್ನೋ ಗುರುತು) ಕೊಡಿ.

ಇನ್ನು ಅಗಲ. 6 ಮಿ.ಮೀ. ದುಂಡು ಸುರಂಗಕ್ಕೆ ನಿಮ್ಮ ನಾರ್ಮಲ್ ಸುರಂಗದ ದಿಕ್ಕಿಂದ 60 ಡಿಗ್ರಿ ಓರೆ ಆದ್ರೆ ಒಂದು ಕಡೆ 12 ಕಾಣುತ್ತೆ, ಇನ್ನೊಂದು ಕಡೆ 6 ಹಾಗೇ ಇರುತ್ತೆ. ಹಾಗಾಗಿ ಅನುಮಾನ ಇದ್ರೆ ಗಿಡ್ಡ ಕಡೆನೇ ನಂಬಿ. ಸುರಂಗ ಗಾಳಿ ಥರ ಪೂರ್ತಿ ಕಪ್ಪಗೆ ಕಾಣ್ಲಿಲ್ಲ ಅಂತ ಗಾಬರಿ ಬೇಡ, ಹುಳ ಹಿಂದೆ ಹಿಂದೆ ಪುಡಿ ತುರುಕ್ತಾ ಹೋಗಿರುತ್ತೆ.