ಸೆಂಟರ್‌ನನ್ನು ಕಳಿಸಿ ಇಬ್ಬರು ಪಾಯಿಂಟ್ ಗಾರ್ಡ್ ತಂದೆ: ನನ್ನ ಅನುಭವ

ನಮ್ಮ ಬ್ಯಾಸ್ಕೆಟ್‌ಬಾಲ್ ಟೀಮು 14 ಮ್ಯಾಚಿನಲ್ಲಿ 3 ಗೆದ್ದಿತ್ತು. ಸೀಸನ್ ಮುಗಿದ ರಾತ್ರಿ ಟೀಮಿಗೆ ದುಡ್ಡು ಹಾಕುವ ಯಜಮಾನರು ಕೇಳಿದ್ದು ಒಂದೇ ಮಾತು. “ಇನ್ನೊಬ್ಬ ಎತ್ತರದವನನ್ನ ತರೋಣ್ವಾ, ಕೋಚ್ ಸರ್?”

“ಬೇಡ ಸರ್. ಇರೋ ಎತ್ತರದವನನ್ನೂ ಕಳಿಸೋಣ” ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟರು.

ಟೀಮಿನ ಹೆಸರು ಬೇಡ. ಬೆಂಗಳೂರಿನದು, ತಿಂಗಳ ಸಂಬಳ ಕೊಟ್ಟು ಹುಡುಗರನ್ನು ಆಡಿಸುವ ಸಣ್ಣ ಟೀಮು. ರೈಲ್ವೆಯವರ ಹಾಗೆ, ಬ್ಯಾಂಕಿನವರ ಹಾಗೆ ಕೆಲಸ ಕೊಟ್ಟು ಉಳಿಸಿಕೊಳ್ಳುವ ಶಕ್ತಿ ನಮಗಿಲ್ಲ. ಇರುವ ದುಡ್ಡಲ್ಲಿ ದೊಡ್ಡ ಪಾಲು ಸೆಂಟರ್‌ಗೆ, ಅಂದರೆ ರಿಂಗ್ ಹತ್ತಿರ ಆಡುವ ಆ ಎತ್ತರದವನಿಗೆ ಹೋಗುತ್ತಿತ್ತು, ತಿಂಗಳಿಗೆ ಸುಮಾರು 45 ಸಾವಿರ. ಒಳ್ಳೆಯ ಹುಡುಗ, ತಪ್ಪು ಅವನದಲ್ಲ. ರಿಂಗ್ ಕೆಳಗೆ ಕೈ ಎತ್ತಿ ನಿಂತಿರುತ್ತಿದ್ದ, ಬಾಲೇ ಬರುತ್ತಿರಲಿಲ್ಲ.

ಇದು ಗೊತ್ತಾಗಿದ್ದು ನನ್ನ ಅಕ್ಕನ ಮಗನಿಂದ. ಪಿಯುಸಿ ಓದುವವನು. ನೋಟ್‌ಬುಕ್ ಕೊಟ್ಟು, ಯಾರು ಬಾಲ್ ಕಳೆದರು, ಎಲ್ಲಿ ಕಳೆದರು, ಶಾಟ್ ಕ್ಲಾಕ್‌ನಲ್ಲಿ (ಶಾಟ್ ಹಾಕಲು ಕೊಡುವ ಸಮಯದ ಗಡಿಯಾರ) ಎಷ್ಟು ಉಳಿದಿತ್ತು, ಇಷ್ಟು ಬರಿ ಅಂದಿದ್ದೆ. ಮ್ಯಾಚಿಗೆ 22, 24 ಟರ್ನೋವರ್, ಅಂದರೆ ಅಷ್ಟು ಸಲ ಬಾಲ್ ಕಳೆದಿದ್ದೆವು! ಅದರಲ್ಲಿ ಹತ್ತಿರ ಹತ್ತಿರ ಅರ್ಧ, ಹಾಫ್ ಲೈನ್ ದಾಟುವ ಮೊದಲೇ. ಸೆಂಟರ್ ಕೈಗೆ ಬಾಲ್ ಸಿಗುವ ಹೊತ್ತಿಗೆ ಐದಾರು ಸೆಕೆಂಡ್ ಉಳಿದಿರುತ್ತಿತ್ತು. ಅಷ್ಟರಲ್ಲಿ ಯಾರು ಏನು ಮಾಡ್ತಾರೆ?

ಬಾಲ್ ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಬೇಕು ಅಂತ ಯಜಮಾನರಿಗೆ ಅಮೆರಿಕದ ಎನ್‌ಬಿಎ ಲೀಗಿನ ನೆಟ್ಸ್ ಟೀಮಿನ ಕಥೆ ಹೇಳಿದೆ. 2000–01ರಲ್ಲಿ 26 ಗೆಲುವು. ಪಾಯಿಂಟ್ ಗಾರ್ಡ್ ಜೇಸನ್ ಕಿಡ್ ಬಂದ ವರ್ಷ 52 ಗೆಲುವು, ಫೈನಲ್ ಬೇರೆ. ಆ ಸೀಸನ್ ಕಿಡ್ ಹಾಕಿದ ಶಾಟ್‌ಗಳಲ್ಲಿ ನೂರಕ್ಕೆ 40 ಕೂಡ ಒಳಗೆ ಬೀಳಲಿಲ್ಲ ಅಂತಲೂ ಹೇಳಿದೆ. ಅದೇ ಲೀಗಿನ ಸನ್ಸ್ ಟೀಮಿಗೆ 2004ರಲ್ಲಿ ಪಾಯಿಂಟ್ ಗಾರ್ಡ್ ಸ್ಟೀವ್ ನ್ಯಾಶ್ ಬಂದಾಗ ಇನ್ನೂ ಜೋರು, 29 ಗೆಲುವಿನಿಂದ 62ಕ್ಕೆ. ಯಜಮಾನರು ದಡ್ಡರಲ್ಲ. “ಅಲ್ಲಿ ಗಾರ್ಡ್ ಒಬ್ಬನೇ ಬದಲಾಗಿದ್ದಾ?” ಅಂದರು. ಇಲ್ಲ, ಬೇರೆಯವರೂ ಬಂದಿದ್ದರು, ಗಾಯವಾದವರು ವಾಪಸ್ಸಾಗಿದ್ದರು. ಅದನ್ನು ಒಪ್ಪಿಕೊಂಡೆ. ಅದಕ್ಕೇ ಇರಬೇಕು, ಅವರೂ ಒಪ್ಪಿದರು. ಅರ್ಧ ಮನಸ್ಸಿನಿಂದ.

ನಿಜ ಹೇಳಬೇಕೆಂದರೆ ಅಷ್ಟೊತ್ತಿಗಾಗಲೇ ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲು ನಮ್ಮ ಶೂಟಿಂಗ್ ಗಾರ್ಡ್‌ನನ್ನೇ ಪಾಯಿಂಟ್ ಗಾರ್ಡ್ ಜಾಗಕ್ಕೆ ಹಾಕಿದ್ದೆ. ಯಾರಾದರೂ ಹತ್ತಿರ ಬಂದು ಪ್ರೆಸ್ ಮಾಡಿದರೆ ಸಾಕು, ಹಾಫ್ ಲೈನ್ ದಾಟಲು ಇರುವ ಎಂಟು ಸೆಕೆಂಡ್ ಮುಗಿದುಹೋಗುತ್ತಿತ್ತು. ಶೂಟಿಂಗೂ ಹೋಯಿತು, ಹ್ಯಾಂಡ್ಲಿಂಗೂ ಬರಲಿಲ್ಲ. ಎರಡನೆಯವನು ತ್ರೀ-ಬೈ-ತ್ರೀ, ಅಂದರೆ ಒಂದೊಂದು ಕಡೆ ಮೂವರ ಆಟ ಆಡುತ್ತಿದ್ದ ಹುಡುಗ. ಡ್ರಿಬಲ್ ನೋಡಿದರೆ ಕಣ್ಣು ಕೀಳಲಾಗದು. 30 ಸಾವಿರ ಅಡ್ವಾನ್ಸ್ ಕೊಟ್ಟೆ. ಹನ್ನೆರಡು ಸೆಕೆಂಡಿನೊಳಗೆ ಶಾಟ್ ಹಾಕಬೇಕಾದ ಆಟ ಆಡಿ ಬಂದವನು, ಬಾಲ್ ಸಿಕ್ಕಿದ ಕೂಡಲೇ ತಾನೇ ನುಗ್ಗುವುದು. ಉಳಿದ ನಾಲ್ವರು ಟಿಕೆಟ್ ತೆಗೆದುಕೊಂಡು ಬಂದವರ ಹಾಗೆ ನೋಡುತ್ತಾ ನಿಂತಿರುತ್ತಿದ್ದರು. ಐದು ಮ್ಯಾಚ್ ಆದಮೇಲೆ ಹೋದ. ಅಡ್ವಾನ್ಸೂ ಅವನ ಜೊತೆ ಹೋಯಿತು.

ಈ ಸಲ ಟ್ರಯಲ್ಸ್‌ನಲ್ಲಿ ನಾನು ಶಾಟ್ ನೋಡಲೇ ಇಲ್ಲ. ಉಳಿದ ನಾಲ್ವರಿಗೆ ಗುಟ್ಟಾಗಿ, ಬೇಕಂತಲೇ ತಪ್ಪು ಜಾಗಕ್ಕೆ ಓಡಿ ಅಂತ ಹೇಳಿದ್ದೆ. ಬಂದವರಲ್ಲಿ ಬಹಳ ಜನ ಬೈದರು. ಇಬ್ಬರು ಮಾತ್ರ, ಅವರು ಓಡಿದ ಜಾಗಕ್ಕೇ ಬಾಲ್ ಕೊಟ್ಟರು. ಫ್ರೀ ಥ್ರೋ ನಡೆಯುವಾಗ ಯಾರು ಹೋಗಿ ಯಾರ ಕಿವಿಯಲ್ಲಿ ಮಾತಾಡುತ್ತಾರೆ ಅಂತಲೂ ನೋಡಿದೆ. ಇನ್ನೊಂದು ಪರೀಕ್ಷೆ ಇದೆ. ಅದನ್ನು ಬರೆಯಲ್ಲ, ಮುಂದಿನ ಟ್ರಯಲ್ಸ್‌ಗೆ ಬೇಕು.

ಸಿಕ್ಕಿದ ಇಬ್ಬರಲ್ಲಿ ಒಬ್ಬರಿಗೆ 36 ವರ್ಷ. ಇಲಾಖೆಯ ಟೀಮಿನಲ್ಲಿ ಆಡಿ ಬಿಟ್ಟವರು, ಒಂದು ಮಂಡಿಗೆ ಸದಾ ಪಟ್ಟಿ. ಹುಡುಗರೆಲ್ಲ ಮೊದಲ ದಿನದಿಂದಲೇ ‘ಅಣ್ಣ’ ಅಂದರು. ಇನ್ನೊಬ್ಬ ಮಂಡ್ಯದ 19ರ ಹುಡುಗ, ಐದಡಿ ಆರಿಂಚು. ಅಣ್ಣನಿಗೆ 22 ಸಾವಿರ, ಹುಡುಗನಿಗೆ 15, ಮಂಡಿಯ ಫಿಸಿಯೋಗೆ ಹೆಚ್ಚುಕಮ್ಮಿ 4. ಸೆಂಟರ್‌ನ ಸಂಬಳದಲ್ಲಿ ಇನ್ನೂ 4 ಸಾವಿರ ಉಳಿಯಿತು. ಅದು ಹುಡುಗನ ಶೂಗೆ ಹೋಯಿತು ಬಿಡಿ.

“ಮುದುಕನನ್ನೂ ಮಗುವನ್ನೂ ತಂದಿದ್ದಾನೆ” ಅಂತ ಬೇರೆ ಕೋಚ್‌ಗಳು ನಕ್ಕರು. ಮೊದಲ ಮೂರು ಮ್ಯಾಚ್ ಸೋತಾಗ ಇನ್ನೂ ಜಾಸ್ತಿ ನಕ್ಕರು. ಅದರಲ್ಲಿ ಎರಡು ಸೋಲು ಪೂರ್ತಿ ನನ್ನವೇ. ಇಬ್ಬರೂ ಚೆನ್ನಾಗಿದ್ದಾರಲ್ಲ, ಒಟ್ಟಿಗೆ ಆಡಿಸೋಣ ಅಂತ ಆಸೆಬಿದ್ದೆ. ಎದುರಾಳಿ ಇಬ್ಬರನ್ನೂ ಪೋಸ್ಟ್‌ಗೆ, ಅಂದರೆ ರಿಂಗ್ ಹತ್ತಿರಕ್ಕೆ ಎಳೆದುಕೊಂಡು ಹೋಗಿ ಮೇಲಿಂದ ಹಾಕಿದ. ಒಂದು ಮ್ಯಾಚನ್ನು 20 ಪಾಯಿಂಟಿನ ಹತ್ತಿರ ಸೋತೆವು.

ಆಮೇಲೆ ಹಂಚಿದೆ. ಶುರುವಿನ ಐದು ನಿಮಿಷ, ಕೊನೆಯ ಕ್ವಾರ್ಟರ್‌ನ ಆರೇಳು ನಿಮಿಷ ಅಣ್ಣ. ನಡುವೆ ಹುಡುಗ, ಅವನಿಗೆ ಒಂದೇ ಕೆಲಸ: ಎದುರಿನ ಗಾರ್ಡ್‌ನನ್ನು ಬೇಸ್‌ಲೈನಿನಿಂದಲೇ ಹಿಡಿದು ಸುಸ್ತು ಮಾಡುವುದು. ಫೌಲ್ ಆದರೂ ಪರವಾಗಿಲ್ಲ, ಐದಾದರೆ ತಾನೇ ಹೊರಗೆ. ಅಣ್ಣ ವಾಪಸ್ ಬರುವಷ್ಟರಲ್ಲಿ ಎದುರಿನವನ ಕಾಲಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಬಿಡುತ್ತಿದ್ದುದು ಲೀಡ್ ಇದ್ದಾಗ, ಕೊನೆಯ ಎರಡು ನಿಮಿಷ ಮಾತ್ರ.

ನಡುವೆ ನನ್ನ ಹುಚ್ಚಾಟಗಳೂ ನಡೆದವು. ಪ್ಲಾಸ್ಟಿಕ್ ಕನ್ನಡಕದ ಕೆಳಭಾಗಕ್ಕೆ ರಟ್ಟು ಅಂಟಿಸಿದೆ, ಡ್ರಿಬಲ್ ಮಾಡುವಾಗ ಬಾಲ್ ಕಾಣಬಾರದು ಅಂತ. 30 ರೂಪಾಯಿ ಖರ್ಚು. ಹತ್ತೇ ನಿಮಿಷಕ್ಕೆ ಬೆವರಿಗೆ ರಟ್ಟು ಕರಗಿ ಹುಡುಗನ ಕೆನ್ನೆಗೆ ಮೆತ್ತಿಕೊಂಡಿತು. ವಾರಕ್ಕೊಂದು ದಿನ ಯಾರೂ ಬಾಯಿ ಬಿಡದೆ ಪ್ರಾಕ್ಟೀಸ್ ಮಾಡಿಸಿದೆ, ಅದು ಕೆಲಸ ಮಾಡಿತು. ಪಾಯಿಂಟ್ ಗಾರ್ಡ್ ಕಣ್ಣಲ್ಲೇ ಹೇಳಬೇಕು, ಉಳಿದವರು ಅವನ ಮುಖ ನೋಡಲೇಬೇಕು. ಅಲ್ಲಿಂದ ಹುಟ್ಟಿದ ಒಂದು ಸನ್ನೆ ನಮಗೆ ಎರಡು ಮ್ಯಾಚ್ ಗೆದ್ದುಕೊಟ್ಟಿದೆ. ಯಾವ ಸನ್ನೆ ಅಂತ ಕೇಳಬೇಡಿ.

ಆ ಸೀಸನ್ 14ರಲ್ಲಿ 9 ಗೆದ್ದೆವು. ಅಕ್ಕನ ಮಗನ ನೋಟ್‌ಬುಕ್ ಪ್ರಕಾರ ಟರ್ನೋವರ್ 13ರ ಆಸುಪಾಸಿಗೆ ಇಳಿದಿತ್ತು. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ನಮ್ಮ ಎರಡನೇ ಸೆಂಟರ್. ಆರಡಿ ಮೂರಿಂಚು, ಸಂಬಳ 12 ಸಾವಿರ, ಹಿಂದಿನ ವರ್ಷ ಬೆಂಚಲ್ಲಿ ಟವೆಲ್ ಹಿಡಿದು ಕೂತಿದ್ದವನು. ಅಣ್ಣನಿಗೆ ಸ್ಕ್ರೀನ್ ಹಾಕಿ, ಅಂದರೆ ಎದುರಾಳಿಗೆ ಅಡ್ಡ ನಿಂತು, ತಿರುಗುವಷ್ಟರಲ್ಲಿ ಬಾಲ್ ಅವನ ಕೈಯಲ್ಲಿರುತ್ತಿತ್ತು. ಮ್ಯಾಚಿಗೆ 15, 16 ಪಾಯಿಂಟ್ ಹಾಕಿದ. ನಕ್ಕವರಲ್ಲೇ ಒಬ್ಬರು ಕಂಠೀರವದ ಹೊರಗೆ ಸಿಕ್ಕಿ, “ಆ ಹುಡುಗನನ್ನ ಎಲ್ಲಿಂದ ತಂದ್ರಿ?” ಅಂದರು. “ನಮ್ಮ ಬೆಂಚಿಂದ” ಅಂದೆ.

ಈಗ ಮಂಡ್ಯದ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿದೆ. ಹೋಗಬೇಡ ಅನ್ನೋಕಾಗುತ್ತಾ? ಅಣ್ಣನ ಮಂಡಿ ಇನ್ನೊಂದು ಸೀಸನ್ ತಡೆದರೆ ಹೆಚ್ಚು. ಮತ್ತೆ ಹುಡುಕುತ್ತಿದ್ದೇನೆ. ಯಜಮಾನರದ್ದೇ ಈಗ ಜಾಸ್ತಿ ಉತ್ಸಾಹ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್. “ಸರ್, ಒಬ್ಬ ಕುಳ್ಳ ಸಿಕ್ಕಿದ್ದಾನೆ, ವಿಡಿಯೋ ಕಳಿಸಿದ್ದೀನಿ ನೋಡಿ!” ನಾಲ್ಕು ನಿಮಿಷದ ವಿಡಿಯೋ. ಎರಡು ಸಲ ನೋಡಿದೆ. ಅದರಲ್ಲಿ ಒಂದೂ ಪಾಸ್ ಇರಲಿಲ್ಲ.