ಚೆಶಮ್‌ನಲ್ಲಿ ಮನೆ ನೋಡ್ತಿದ್ದೀರಾ? ಮೊದಲು ಹಳಿ ನೋಡಿ

ಲಂಡನ್‌ನಲ್ಲಿ ಕೆಲಸ ಸಿಕ್ಕವರು ಬಾಡಿಗೆ ಕೇಳಿ ಬೆಚ್ಚಿಬಿದ್ದು, ಟ್ಯೂಬ್ (ಲಂಡನ್ ಮೆಟ್ರೊ ರೈಲು) ನಕ್ಷೆಯ ಅಂಚಿನಲ್ಲಿ ಮನೆ ಹುಡುಕುತ್ತಾರೆ. ಮೆಟ್ರೊಪಾಲಿಟನ್ ಲೈನಿನ ಬೀಟ್‌ರೂಟ್ ಬಣ್ಣದ ಗೆರೆ ಹಿಡಿದು ಹೋದರೆ ಒಂದು ತುದಿಯಲ್ಲಿ ಚೆಶಮ್ ಸಿಗುತ್ತದೆ. ಟಿಕೆಟ್ ದರದ ಲೆಕ್ಕದಲ್ಲಿ 9ನೇ ಜೋನ್ (ನಗರದ ನಡುಭಾಗ 1ನೇ ಜೋನ್). ಇದು ಲಂಡನ್ ಅಲ್ಲವೇ ಅಲ್ಲ, ಬಕಿಂಗ್‌ಹ್ಯಾಮ್‌ಶೈರ್. ಲಂಡನ್ನಿನ ನಡುಭಾಗದ ಚೇರಿಂಗ್ ಕ್ರಾಸ್‌ನಿಂದ ಸುಮಾರು 40 ಕಿ.ಮೀ. ಟ್ಯೂಬ್‌ನಲ್ಲಿ ಇದಕ್ಕಿಂತ ದೂರದ ನಿಲ್ದಾಣ ಇಲ್ಲ.

ಇಲ್ಲಿ ಅರ್ಧ ಗಂಟೆಗೊಂದೇ ರೈಲು. ಯಾಕೆ ಅಂದರೆ 1889ಕ್ಕೆ ಹೋಗಬೇಕು. ಚೆಶಮ್ ದಾಟಿ ಟ್ರಿಂಗ್‌ವರೆಗೆ ಹಳಿ ಹಾಕುವ ಆಸೆ ಆಗ ರೈಲು ಕಂಪನಿಗಿತ್ತು. ಊರಿನವರೂ ಸುಮ್ನೆ ಕೂರಲಿಲ್ಲ. ನಿಲ್ದಾಣ ಪೇಟೆಗೆ ಹತ್ತಿರವಾಗಲಿ ಅಂತ ಜಾಗಕ್ಕೆ ತಾವೇ ದುಡ್ಡು ಕೂಡಿಸಿದರು. ಆದರೆ 1892ರಲ್ಲಿ ಮುಖ್ಯ ಹಳಿ ಆಮರ್ಶಮ್ ಮೇಲೆ ಐಲ್ಸ್‌ಬರಿಗೆ ಹೋಯಿತು, ಚೆಶಮ್ ಕವಲಾಗಿ ಉಳಿಯಿತು. ಅದೂ ಒಂಟಿ ಹಳಿ. ಹಿಂದಿನ ನಿಲ್ದಾಣ ಚಾಲ್‌ಫಂಟ್ ಅಂಡ್ ಲ್ಯಾಟಿಮರ್ 6 ಕಿ.ಮೀ.ಗೂ ಜಾಸ್ತಿ ದೂರ, ನಡುವೆ ಏನೂ ಇಲ್ಲ. ಹೋದ ರೈಲು ವಾಪಸ್ ಬಂದರೇನೇ ಇನ್ನೊಂದಕ್ಕೆ ದಾರಿ.

1960ರವರೆಗೆ ಇಲ್ಲಿ ಉಗಿಬಂಡಿ ಓಡುತ್ತಿತ್ತು. ಎಂಜಿನ್‌ಗೆ ನೀರು ತುಂಬುತ್ತಿದ್ದ ತೊಟ್ಟಿ ಈಗಲೂ ಪ್ಲಾಟ್‌ಫಾರ್ಮಿನ ಪಕ್ಕ ನಿಂತಿದೆ, ಹಳೇ ಸಿಗ್ನಲ್ ಕ್ಯಾಬಿನ್ ಕೂಡ. ರೈಲು ತಪ್ಪಿಸಿಕೊಂಡ ದಿನ ನೋಡೋಕೆ ಬೇಕಾದಷ್ಟು ಟೈಮ್ ಸಿಗುತ್ತದೆ! 2010ರ ಡಿಸೆಂಬರ್‌ವರೆಗೆ ಹಗಲಲ್ಲಿ ಚಾಲ್‌ಫಂಟ್‌ನಲ್ಲಿ ಇಳಿದು ಇವೆರಡರ ನಡುವೆ ಮಾತ್ರ ಓಡುವ ಪುಟ್ಟ ಷಟಲ್ ರೈಲು ಹತ್ತಬೇಕಿತ್ತು. ಈಗ ನೇರ ರೈಲು.

ಟಿಕೆಟ್ ವಿಷಯ. ಆಯ್‌ಸ್ಟರ್ ಕಾರ್ಡ್ (ಲಂಡನ್ ಸಾರಿಗೆಯ ಪ್ರಯಾಣದ ಕಾರ್ಡ್) ಅಥವಾ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಸಾಕು. ಹತ್ತುವಾಗ ಟಚ್, ಇಳಿದ ಮೇಲೆ ಟಚ್. ಎರಡನೇ ಟಚ್ ಮರೆತರೆ ಅತಿ ಹೆಚ್ಚಿನ ದರ ಕಡಿತವಾಗುತ್ತದೆ. ನಾನು ಒಮ್ಮೆ ಫೋನ್ ತೋರಿಸಿ ಒಳಗೆ ಹೋಗಿ, ಅದೇ ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡ್ ತೋರಿಸಿ ಹೊರಗೆ ಬಂದೆ. ಒಂದೇ ಖಾತೆ ಅಲ್ವಾ ಅಂದುಕೊಂಡಿದ್ದೆ. ಮೆಷಿನ್‌ಗೆ ಅವೆರಡೂ ಬೇರೆ ಬೇರೆ. ಎರಡು ಅರ್ಧಂಬರ್ಧ ಪ್ರಯಾಣಕ್ಕೆ ದುಡ್ಡು ಹೋಯಿತು.

ವಾರದ ದಿನ ಬೆಳಗ್ಗೆ 6:30ರಿಂದ 9:30, ಸಂಜೆ 4ರಿಂದ 7 ಪೀಕ್ ದರ, ಅಂದರೆ ಜನದಟ್ಟಣೆ ಹೊತ್ತಿನ ಹೆಚ್ಚಿನ ದರ. ಆದರೆ ಚೆಶಮ್‌ನಿಂದ ಸಂಜೆ 1ನೇ ಜೋನ್‌ಗೆ ಹೋದರೆ ಪೀಕ್ ದರ ಇಲ್ಲ. ಅಪ್ಪ ಅಮ್ಮ ಊರಿಂದ ಬಂದಾಗ ಸಂಜೆ ಸುತ್ತಾಡಿಸೋಕೆ ಅನುಕೂಲ. 11 ವರ್ಷದೊಳಗಿನ ನಾಲ್ಕು ಮಕ್ಕಳವರೆಗೆ ದೊಡ್ಡವರೊಬ್ಬರ ಜೊತೆ ಟ್ಯೂಬ್‌ನಲ್ಲಿ ಪುಕ್ಕಟೆ.

ಆಫೀಸು ಮೆರಿಲಬೋನ್ ಕಡೆ ಇದ್ದರೆ ಚಾಲ್‌ಫಂಟ್‌ನಲ್ಲಿ ಚಿಲ್ಟರ್ನ್ ಅನ್ನೋ ಬೇರೆ ಕಂಪನಿಯ ರೈಲಿಗೆ ಬದಲಾಯಿಸಿ. ಅದು ನಿಲ್ಲುವುದು ಕಡಿಮೆ, ಅದೇ ಕಾರ್ಡ್ ನಡೆಯುತ್ತದೆ. ಸಂಜೆ ವಾಪಸ್ ಬರುವಾಗ ಮಾತ್ರ ಬೋರ್ಡ್‌ನಲ್ಲಿ ಆಮರ್ಶಮ್ ಅಂತಿದೆಯೋ ಚೆಶಮ್ ಅಂತಿದೆಯೋ ನೋಡಿ ಹತ್ತಿ.