ಮಾವನ ಅಜ್ಜನ ಊರು ಹುಡುಕಿದ್ದು

ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ನಮ್ಮ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಯಾರು ಯಾವ ಊರು ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲಾ. ಅಪ್ಪ ಜೋಳ ಅಳೆದು ಕೊಡುತ್ತಿದ್ದರು. ಮದುವೆಯಾಗಿ ಅಮೆರಿಕದ ಮಿನಸೋಟಾಗೆ ಬಂದಾಗ ನನ್ನ ಮಾವನಿಗೆ ಸ್ವಂತ ಅಜ್ಜನ ಊರೇ ಸರಿಯಾಗಿ ಗೊತ್ತಿಲ್ಲ ಅಂತ ತಿಳಿದು ಸಂಕಟವಾಯಿತು. ಅಜ್ಜ ಸ್ವೀಡನ್‌ನವರು, ಊರು ‘ಯುಂಗ್ಬಿ’ ಅಂತ ಏನೋ ಹೇಳುತ್ತಿದ್ದರು, ಅಷ್ಟೇ ಅವರ ನೆನಪು.

1850ರಿಂದ 1930ರ ನಡುವೆ ಸುಮಾರು 12 ಲಕ್ಷ ಜನ ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಬಂದರು. ಅಷ್ಟು ಜನರಲ್ಲಿ ಒಬ್ಬರನ್ನು ಹುಡುಕಬೇಕಿತ್ತು. ಹೆಸರು ಹಿಡಿದು ಹೊರಟೆ. ಅದೇ ನಾನು ಮಾಡಿದ ಮೊದಲ ತಪ್ಪು.

ಆ ಕಾಲದ ಸ್ವೀಡನ್‌ನ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇರಲಿಲ್ಲ. ನಮ್ಮಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು ಬರುತ್ತದಲ್ಲ, ಹಾಗೆ. ಅಪ್ಪ ಆಂಡರ್ಸ್ ಆದರೆ ಮಗ ಆಂಡರ್ಸನ್, ಮಗಳು ಆಂಡರ್ಸ್‌ಡಾಟರ್. ಮದುವೆಯಾದರೂ ಮಗಳ ಹೆಸರು ಬದಲಾಗುತ್ತಿರಲಿಲ್ಲ. ಸೈನ್ಯಕ್ಕೆ ಸೇರಿದರೆ ರಾಸ್ಕ್, ಮೋಡಿಗ್ ಅಂತ ಗಿಡ್ಡ ಹೆಸರು ಕೊಡುತ್ತಿದ್ದರು. ರಾಸ್ಕ್ ಅಂದರೆ ಚುರುಕು, ಮೋಡಿಗ್ ಅಂದರೆ ಧೈರ್ಯವಂತ. ಅಮೆರಿಕಕ್ಕೆ ಬಂದ ಮೇಲೆ ಎಷ್ಟೋ ಜನ ಹೊಸ ಹೆಸರನ್ನೇ ಇಟ್ಟುಕೊಂಡರು. ಹಾಗಾಗಿ ಹೆಸರು ಜಾರಿಹೋಗುತ್ತದೆ. ಕೈಗೆ ಗಟ್ಟಿಯಾಗಿ ಸಿಗುವುದು ಎರಡೇ: ಹುಟ್ಟಿದ ದಿನ, ಹುಟ್ಟಿದ ಪ್ಯಾರಿಷ್. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಗುಂಪು.

ಅವೆರಡೂ ಸಿಕ್ಕಿದ್ದು ಅಮೆರಿಕದಲ್ಲೇ. 1900ರ ಜನಗಣತಿಯಲ್ಲಿ ಅಜ್ಜ ಬಂದ ವರ್ಷ ಇತ್ತು, ಹುಟ್ಟಿದ ತಿಂಗಳು ಇತ್ತು, ಊರು ಮಾತ್ರ ಬರೀ ‘ಸ್ವೀಡನ್’. ಆದರೆ ಇಲ್ಲಿಯ ಸ್ವೀಡಿಶ್ ಲೂಥರನ್ ಚರ್ಚುಗಳ ಪಾದ್ರಿಗಳು ತಮ್ಮ ದೇಶದ ರೂಢಿಯಂತೆಯೇ ಪುಸ್ತಕ ಬರೆದಿಟ್ಟಿದ್ದರು. ಇಲಿನಾಯ್‌ನ ರಾಕ್ ಐಲೆಂಡ್‌ನಲ್ಲಿ ಅಗಸ್ಟಾನಾ ಕಾಲೇಜಿನ ಸ್ವೆನ್ಸನ್ ಕೇಂದ್ರದಲ್ಲಿ ಇಂಥ ಚರ್ಚುಗಳ ಮೈಕ್ರೋಫಿಲ್ಮ್ ಇವೆ. ನಮ್ಮವರ ಚರ್ಚಿನ ಪುಸ್ತಕದಲ್ಲಿ ಅಜ್ಜನ ಹೆಸರಿನ ಮುಂದೆ ಸ್ಪಷ್ಟವಾಗಿತ್ತು: 14 ಮಾರ್ಚ್ 1861. ಪಕ್ಕದಲ್ಲಿ ಪ್ಯಾರಿಷ್‌ನ ಹೆಸರು. ಅಷ್ಟು ದಿನ ನಾನು ಯುಂಗ್ಬಿಯನ್ನು ‘ವೈ’ ಅಕ್ಷರದಲ್ಲಿ ಹುಡುಕುತ್ತಿದ್ದೆ. ಬರೆಯುವಾಗ ಅದು ‘ಎಲ್’, ‘ಜೆ’ ಅಕ್ಷರಗಳಿಂದ ಶುರುವಾಗುತ್ತದೆ. ‘ಎಲ್’ ಬಾಯಲ್ಲಿ ಬರುವುದೇ ಇಲ್ಲ, ‘ಜೆ’ಯನ್ನು ‘ಯ’ ಅನ್ನುತ್ತಾರೆ. ಮಾವನ ನೆನಪು ಸರಿಯಾಗೇ ಇತ್ತು ಪಾಪ.

ಆದರೆ ಯುಂಗ್ಬಿ ಸ್ವೀಡನ್‌ನ ಸ್ಮೋಲಂಡ್ ಪ್ರಾಂತ್ಯದಲ್ಲೂ ಇದೆ, ಹಾಲಂಡ್ ಪ್ರಾಂತ್ಯದಲ್ಲೂ ಇದೆ. ಹಾಲಂಡ್‌ನ ಜನನ ಪುಸ್ತಕದಲ್ಲಿ ಅದೇ ಹೆಸರಿನ ಹುಡುಗ ಸಿಕ್ಕಿಬಿಟ್ಟ. ಅದೇ ವರ್ಷ, ಅದೇ ತಿಂಗಳು. ದಿನ ಮಾತ್ರ ಮೂರು ಹೆಚ್ಚು. ಬರೆದವರು ತಪ್ಪಿರಬೇಕು ಅಂದುಕೊಂಡು ಎಂಟು ತಿಂಗಳು ಅವನ ಅಪ್ಪ, ಅಜ್ಜ, ಮುತ್ತಜ್ಜ ಅಂತ ಹಿಂದೆ ಹೋದೆ. ಒಂದು ದಿನ ಸುಮ್ನೆ ಅವನ ಮುಂದಿನ ಪುಟಗಳನ್ನು ನೋಡಿದೆ. 1890ರ ದಶಕದಲ್ಲೂ ಅವನು ಅಲ್ಲೇ ಇದ್ದ. ಮದುವೆಯಾಗಿತ್ತು, ಮಕ್ಕಳಿದ್ದರು. ಆ ಹೊತ್ತಿಗೆ ನಮ್ಮ ಅಜ್ಜ ಮಿನಸೋಟಾದಲ್ಲಿ ಹೊಲ ಮಾಡುತ್ತಿದ್ದರು. ಬೇರೆ ಯಾರದೋ ವಂಶವನ್ನು ನಮ್ಮದು ಅಂತ ಬರೆದಿಟ್ಟುಕೊಂಡಿದ್ದೆ. ಈಗ ಯಾರು ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ: ಸಿಕ್ಕ ಮನುಷ್ಯನನ್ನು ಹಿಡಿದು ಹಿಂದೆ ಹೋಗುವ ಮುಂಚೆ ಅವನ ಜೊತೆ ಮುಂದಕ್ಕೆ ಹೋಗಿ ನೋಡಿ. ಊರು ಬಿಟ್ಟನೋ ಇಲ್ಲವೋ ಖಾತ್ರಿ ಮಾಡಿಕೊಳ್ಳಿ.

ಸ್ಮೋಲಂಡ್‌ನ ಪುಸ್ತಕದಲ್ಲಿ ದಿನವೂ ಹೊಂದಿತು. ಅಪ್ಪನ ಹೆಸರು, ಅಮ್ಮನ ಹೆಸರು, ಅವರಿದ್ದ ಗುಡಿಸಲಿನ ಹೆಸರು, ಎಲ್ಲಾ ಇತ್ತು. ಅಪ್ಪ ‘ತೋರ್ಪಾರೆ’, ಅಂದರೆ ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡು, ತುಂಡು ನೆಲ ಉತ್ತು, ಬದಲಿಗೆ ದಣಿಗೆ ದುಡಿದು ಕೊಡುವವನು.

ಇಲ್ಲಿಂದ ಮುಂದೆ ಕೈ ಹಿಡಿದು ನಡೆಸಿದ್ದು ‘ಹೂಸ್‌ಫೋರ್‌ಹೋರ್ಸ್‌ಲೆಂಗ್ಡ್’. ಬಾಯಿ ತಿರುಗುವುದು ಕಷ್ಟ, ‘ಮನೆ ಪರೀಕ್ಷೆಯ ಪುಸ್ತಕ’ ಅನ್ನೋಣ. 1686ರ ಚರ್ಚ್ ಕಾನೂನಿನಿಂದ ಬಂದ ಪದ್ಧತಿ ಇದು. ಪಾದ್ರಿ ಮನೆಮನೆಯವರನ್ನು ಕೂರಿಸಿ, ಓದಲು ಬರುತ್ತದಾ, ಲೂಥರ್ ಬರೆದ ಧರ್ಮದ ಪ್ರಶ್ನೋತ್ತರ ಬಾಯಿಗೆ ಬರುತ್ತದಾ ಅಂತ ನೋಡಿ ಗುರುತು ಹಾಕುತ್ತಿದ್ದ. ಒಂದೊಂದು ಮನೆಗೆ ಒಂದೊಂದು ಜಾಗ. ಯಜಮಾನ, ಹೆಂಡತಿ, ಮಕ್ಕಳು, ಆಳುಗಳು, ಎಲ್ಲರ ಹುಟ್ಟಿದ ದಿನ ಮತ್ತು ಊರು. ಯಾರಾದರೂ ಸತ್ತರೆ ಅಥವಾ ಊರು ಬಿಟ್ಟರೆ ಆ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ದಿನ ಮತ್ತು ಹೋದ ಊರು ಬರೆಯುತ್ತಿದ್ದರು. ಊರು ಬಿಡುವವರು ಪಾದ್ರಿಯಿಂದ ಪತ್ರ ತೆಗೆದುಕೊಂಡು ಹೋಗಬೇಕಿತ್ತು. ಅದರ ಲೆಕ್ಕ ಇನ್ನೊಂದು ಪುಸ್ತಕದಲ್ಲಿ. ಹೀಗೆ ಒಂದು ಪುಸ್ತಕ ಇನ್ನೊಂದನ್ನು ತೋರಿಸುತ್ತದೆ. ಸ್ವೀಡನ್‌ನ ರಾಷ್ಟ್ರೀಯ ದಾಖಲೆ ಸಂಸ್ಥೆ ರೀಕ್ಸ್‌ಆರ್ಕೀವೆಟ್ 2018ರಿಂದ ಇವುಗಳ ಚಿತ್ರಗಳನ್ನು ಉಚಿತವಾಗಿ ನೋಡಲು ಬಿಟ್ಟಿದೆ. ದುಡ್ಡು ಕೊಟ್ಟರೆ ಆರ್ಕಿವ್ ಡಿಜಿಟಲ್‌ನಲ್ಲಿ ಬಣ್ಣದ ಫೋಟೋ ಸಿಗುತ್ತವೆ. ಮಸಿ ಮಾಸಿದ ಪುಟಕ್ಕೆ ಬಣ್ಣದ ಫೋಟೋ ತುಂಬಾ ಉಪಯೋಗ.

ಕೈಬರಹಕ್ಕೆ ಹೆದರಿದ್ದೆ. ನಮ್ಮಜ್ಜನ ಹೊಲದ ಕಾಗದಗಳು ಮೋಡಿ ಲಿಪಿಯಲ್ಲಿದ್ದು, ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಇದೂ ಹಾಗೇ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಪುಟದಲ್ಲಿ ಬರುವ ತಿಂಗಳ ಹೆಸರುಗಳು ಗೊತ್ತಿರುತ್ತವಲ್ಲ, ಅವುಗಳಿಂದ ಆ ಪಾದ್ರಿಯ ‘ಎಂ’ ಹೇಗೆ, ‘ಎಸ್’ ಹೇಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪಾದ್ರಿ ಬದಲಾದಾಗ ಹೊಸ ಪಟ್ಟಿ. ಬೇಕಾಗುವ ಸ್ವೀಡಿಶ್ ಪದಗಳು ನೂರೂ ಇರಲಿಕ್ಕಿಲ್ಲ. ‘ಡ್ರೆಂಗ್’ ಗಂಡಾಳು, ‘ಪೀಗಾ’ ಹೆಣ್ಣಾಳು, ‘ಫೆಡ್’ ಹುಟ್ಟಿದ್ದು, ‘ಡೆಡ್’ ಸತ್ತಿದ್ದು.

1868ರಲ್ಲಿ, ಬೆಳೆ ಕೈಕೊಟ್ಟ ಬರಗಾಲದ ವರ್ಷ, ಈ ಕುಟುಂಬ ಪಕ್ಕದ ಪ್ಯಾರಿಷ್‌ಗೆ ಹೋಯಿತು. ಹದಿನೈದು ವರ್ಷಕ್ಕೇ ಹುಡುಗ ಆಳಾಗಿ ಬೇರೆ ಮನೆ ಸೇರಿದ. ವರ್ಷಕ್ಕೊಂದು ಮನೆ. ಆಳುಗಳು ಮನೆ ಬದಲಿಸುತ್ತಿದ್ದುದು ಅಕ್ಟೋಬರ್ ಕೊನೆಯಲ್ಲಿ, ಆದ್ದರಿಂದ ದಿನಾಂಕಗಳೆಲ್ಲ ಅಲ್ಲೇ ಗುಂಪಾಗಿ ಸಿಗುತ್ತವೆ. ಕೊನೆಗೆ ಅಪ್ಪ ಅಮ್ಮನ ಮನೆಗೆ ವಾಪಸ್ ಬಂದ. 1882ರ ಏಪ್ರಿಲ್‌ನಲ್ಲಿ ಅವನ ಹೆಸರಿನ ಮೇಲೆ ಗೆರೆ. ಮುಂದೆ ಚಿಕ್ಕದಾಗಿ ‘ಎನ್. ಅಮೆರಿಕಾ’, ಅಂದರೆ ಉತ್ತರ ಅಮೆರಿಕ.

ಗೋಥೆನ್‌ಬರ್ಗ್ ಬಂದರಿನಲ್ಲಿ ಪೊಲೀಸರು 1869ರಿಂದ ಹಡಗು ಹತ್ತುವವರ ಪಟ್ಟಿ ಇಟ್ಟಿದ್ದಾರೆ. ಅದರಲ್ಲೂ ಸಿಕ್ಕ. ಅಲ್ಲಿಂದ ಇಂಗ್ಲೆಂಡಿನ ಹಲ್, ರೈಲಿನಲ್ಲಿ ಲಿವರ್‌ಪೂಲ್, ಮತ್ತೆ ಹಡಗಿನಲ್ಲಿ ನ್ಯೂಯಾರ್ಕ್. ವಲಸೆ ಬಂದವರನ್ನು ಇಳಿಸಿಕೊಳ್ಳುತ್ತಿದ್ದ ಅಲ್ಲಿಯ ಎಲಿಸ್ ಐಲೆಂಡ್ ಕೇಂದ್ರ ಶುರುವಾಗಿದ್ದು 1892ರಲ್ಲಿ. ಇವನು ಇಳಿದದ್ದು ಅದಕ್ಕಿಂತ ಹಳೆಯ ಕ್ಯಾಸಲ್ ಗಾರ್ಡನ್‌ನಲ್ಲಿ.

ಮನೆ ಪರೀಕ್ಷೆಯ ಪುಸ್ತಕದ ಆ ಕೊನೆಯ ಪುಟವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಮಾವನ ಊಟದ ಮೇಜಿನ ಮೇಲೆ ಹಾಸಿದೆ. ಅವರಿಗೆ 84 ವರ್ಷ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದು ಸಾಲು ನೋಡಿದರು. ಮೊದಲು ಅಜ್ಜನ ಅಪ್ಪ, 1884ರಲ್ಲಿ ಗೆರೆ, ಸತ್ತ ದಿನ. ಆಮೇಲೆ ಅಮ್ಮ. ಆಮೇಲೆ ಅಜ್ಜ, ಗೆರೆ. ಅದರ ಕೆಳಗೆ ಇನ್ನೊಂದು ಹೆಸರು, ಅದಕ್ಕೂ ಗೆರೆ, 1888, ‘ಎನ್. ಅಮೆರಿಕಾ’. ಇಡೀ ಮನೆಯಲ್ಲಿ ಗೆರೆ ಇಲ್ಲದೆ ಉಳಿದವಳು ಅಮ್ಮ ಒಬ್ಬಳೇ.

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಇದು ಯಾರಮ್ಮಾ?” ಅಂದರು.

“ನಿಮ್ಮ ಅಜ್ಜನ ತಂಗಿ.”

“ಅಜ್ಜನಿಗೆ ತಂಗಿ ಇದ್ದಳು ಅಂತ ಯಾರೂ ಹೇಳಿರಲೇ ಇಲ್ಲ. ಹಾಗಾದರೆ ಅವಳ ಕಡೆಯವರು ಇಲ್ಲೇ ಎಲ್ಲೋ ಇರಬೇಕಲ್ವಾ?”

ಬಂದರಿನ ಪಟ್ಟಿಯಲ್ಲಿ ಅವಳೂ ಸಿಕ್ಕಿದ್ದಾಳೆ. ವಯಸ್ಸು 19, ಟಿಕೆಟ್ ಚಿಕಾಗೋಗೆ. ಅಲ್ಲಿಯ ಸ್ವೀಡಿಶ್ ಚರ್ಚುಗಳ ಪುಸ್ತಕಗಳನ್ನು ಈಗ ಒಂದೊಂದಾಗಿ ನೋಡುತ್ತಿದ್ದೇನೆ. ಅಮೆರಿಕದಲ್ಲಿ ಮದುವೆಯಾಗಿ ಅವಳ ಹೆಸರು ಏನಾಯಿತೋ, ಅದಕ್ಕೇ ಹುಟ್ಟಿದ ದಿನವನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿಕೊಂಡಿದ್ದೇನೆ. ಮೂರು ಚರ್ಚು ಮುಗಿದಿವೆ. ಮಾವ ಪ್ರತಿ ಭಾನುವಾರ ಫೋನ್ ಮಾಡಿ ಕೇಳುತ್ತಾರೆ.